ಎರಡನೆಯ ಮಾಳಿಗೆಯ ಊಟ

ಪರದೇಶಕ್ಕೆ ಹೋಗಿ ಬಂದವರ ಬರಹಗಳಲ್ಲಿ ವಸ್ತುಸಂಗ್ರಹಾಲಯಗಳಿಗೆ, ಸೇತುವೆಗಳಿಗೆ, ಹಿಮಪಾತಕ್ಕೆ ದೊರೆಯುವ ಸ್ಥಾನ ಹಸಿವಿಗೆ ದೊರೆಯುವುದು ಕಡಿಮೆ. ಹಸಿವನ್ನು ಕುರಿತು ಬರೆಯಲು ಒಂದು ಬಗೆಯ ಸಂಕೋಚ ಅಡ್ಡಬರುತ್ತದೆ. ಆದರೆ ಅಳೆದು ತೂಗಿ ಕೊಟ್ಟ ವಿದ್ಯಾರ್ಥಿವೇತನದಲ್ಲಿ ವರ್ಷವೊಂದನ್ನು ಕಳೆಯಬೇಕಾದವನಿಗೆ ಮಹಾನಗರದ ಮೊದಲ ಭೂಪಟವನ್ನು ಬರೆದುಕೊಡುವುದು ಹೊಟ್ಟೆಯೇ. ಯಾವ ಬೀದಿಯಲ್ಲಿ ಏನು ಅಗ್ಗ, ಯಾವ ಬಾಗಿಲಿನ ಮುಂದೆ ನಿಲ್ಲದೆ ಮುಂದುವರಿಯಬೇಕು, ಎಷ್ಟು ದೂರ ನಡೆದರೆ ಬಸ್ಸಿನ ಹಣ ಉಳಿದು ಒಂದು ಹೊತ್ತಿನ ಬ್ರೆಡ್ಡಿಗೆ ಸಾಲುತ್ತದೆ ಎಂಬ ಲೆಕ್ಕಗಳಿಂದಲೇ ಆ ಭೂಪಟದ ಗೆರೆಗಳು ಮೂಡುತ್ತವೆ. 1984ರ ಅಕ್ಟೋಬರಿನಲ್ಲಿ ಅರ್ಥಶಾಸ್ತ್ರದ ಉನ್ನತ ವ್ಯಾಸಂಗಕ್ಕಾಗಿ ಮುಂಬಯಿಯಿಂದ ಲಂಡನ್ನಿಗೆ ಹೋದ ಕನ್ನಡದ ತರುಣನೊಬ್ಬನ ಭೂಪಟವೂ ಹೀಗೆಯೇ ಸಿದ್ಧವಾಯಿತು.

ಅವನು ಹುಟ್ಟಿ ಬೆಳೆದದ್ದು ಲಾಲ್‌ಬಾಗಿನ ಚಾಳಿನ ಒಂದು ಖೋಲಿಯಲ್ಲಿ. ಓದಿದ್ದು ನಗರಪಾಲಿಕೆಯ ಕನ್ನಡ ಶಾಲೆಯಲ್ಲಿ. ಅವನ ತಂದೆ ಕುಂದಾಪುರದ ಕಡೆಯ ಹಳ್ಳಿಯೊಂದರಿಂದ ಹನ್ನೆರಡನೆಯ ವಯಸ್ಸಿನಲ್ಲಿ ಹಡಗು ಹತ್ತಿ ಮುಂಬಯಿಗೆ ಬಂದವರು. ಗಿರಣಿಗಳ ನಡುವಿನ ಒಂದು ಉಡುಪಿ ಹೊಟೇಲಿನಲ್ಲಿ ಮೊದಲು ಗ್ಲಾಸು ತೊಳೆದರು, ಆಮೇಲೆ ಮೇಜು ಒರೆಸಿದರು, ಕೊನೆಗೆ ಮಾಣಿಯಾದರು, ಮಾಣಿಯಾಗಿಯೇ ಉಳಿದರು. ಹಗಲೆಲ್ಲ ದುಡಿದು ರಾತ್ರಿಶಾಲೆಯಲ್ಲಿ ನಾಲ್ಕು ವರ್ಷ ಕಲಿತ ಕನ್ನಡ ಅವರ ಪಾಲಿನ ಒಟ್ಟು ವಿದ್ಯೆ. ಮುಂಬಯಿಯ ಕನ್ನಡ ರಾತ್ರಿಶಾಲೆಗಳ ಬೆಂಚುಗಳ ಮೇಲೆ ತೂಕಡಿಸುತ್ತ ಅಕ್ಷರ ಕಲಿತ ಹೊಟೇಲು ಹುಡುಗರ ಪೀಳಿಗೆಗೆ ಸೇರಿದವರು ಅವರು. ಅವರಲ್ಲಿ ಕೆಲವರು ಪದವೀಧರರಾದರು, ಕೆಲವರು ಸ್ವಂತ ಹೊಟೇಲು ತೆರೆದರು. ಬಹಳಷ್ಟು ಮಂದಿ ಮಗನ ಓದಿನಲ್ಲಿ ತಮ್ಮ ಓದನ್ನು ಕಂಡು ಸುಮ್ಮನಾದರು.

ಲಂಡನ್ನಿನಲ್ಲಿ ಆಗ ಒಂದು ಪೌಂಡೆಂದರೆ ಹೆಚ್ಚು ಕಡಿಮೆ ಹದಿನೈದು ರೂಪಾಯಿ. ಹೋದ ಹೊಸತರಲ್ಲಿ ಅವನ ಕಣ್ಣು ಯಾವ ಬೆಲೆಚೀಟಿಯನ್ನು ಕಂಡರೂ ಮನಸ್ಸು ಅದನ್ನು ಹದಿನೈದರಿಂದ ಗುಣಿಸಿ, ಬಂದ ಮೊತ್ತವನ್ನು ತಂದೆಯ ಸಂಬಳದ ಪಕ್ಕದಲ್ಲಿಟ್ಟು ನೋಡುತ್ತಿತ್ತು. ಈ ಗುಣಾಕಾರ ಮುಗಿಯುವಷ್ಟರಲ್ಲಿ ಹಸಿವು ಅರ್ಧ ಅಡಗುತ್ತಿತ್ತು. ಉತ್ತರ ಲಂಡನ್ನಿನ ಅವನ ಬಾಡಿಗೆ ಕೋಣೆಯಲ್ಲಿ ನಾಣ್ಯ ಹಾಕಿದಷ್ಟು ಹೊತ್ತು ಮಾತ್ರ ಉರಿಯುವ ಗ್ಯಾಸಿನ ಒಲೆಯೊಂದಿತ್ತು. ಬೇಯಿಸುವುದೋ ಬೆಚ್ಚಗಿರುವುದೋ ಎಂಬ ಆಯ್ಕೆ ಎದುರಾದಾಗ ಅವನು ಹೆಚ್ಚಾಗಿ ಬ್ರೆಡ್ಡು, ಬೀನ್ಸಿನ ಡಬ್ಬಿಗಳಿಗೆ ಶರಣಾಗುತ್ತಿದ್ದ.

ಬೀದಿಬೀದಿಯಲ್ಲಿಯೂ ‘ಇಂಡಿಯನ್’ ಎಂಬ ಫಲಕ ಹೊತ್ತ ಹೊಟೇಲುಗಳು ಇರಲಿಲ್ಲವೆಂದಲ್ಲ. ಅವುಗಳಲ್ಲಿ ಬಹುಪಾಲನ್ನು ನಡೆಸುತ್ತಿದ್ದವರು ಇಂದಿನ ಬಾಂಗ್ಲಾದೇಶದ ಸಿಲ್ಹೆಟ್ ಪ್ರಾಂತದ ಜನ. ಬ್ರಿಟಿಷ್ ಹಡಗುಗಳ ಅಡಿಗೆಮನೆಗಳಲ್ಲಿ, ಎಂಜಿನ್ ಕೋಣೆಗಳಲ್ಲಿ ದುಡಿಯಲು ಬಂದ ನಾವಿಕರು ದಡದಲ್ಲಿ ನೆಲೆನಿಂತು ಕಟ್ಟಿದ ಉದ್ಯಮವದು. ಅಂಥ ಒಂದು ಹೊಟೇಲಿನ ಬಾಗಿಲಲ್ಲಿ ತೂಗುಹಾಕಿದ್ದ ಪಟ್ಟಿಯಲ್ಲಿ ‘ಮದ್ರಾಸ್’ ಎಂಬ ಪದಾರ್ಥವನ್ನು ಕಂಡು ಅವನ ಮನಸ್ಸು ಒಮ್ಮೆ ಅರಳಿತ್ತು. ವಿಚಾರಿಸಿದಾಗ ಅದು ಮದ್ರಾಸಿನ ಯಾವ ಮನೆಯಲ್ಲಿಯೂ ಗುರುತು ಹತ್ತದ, ಕೇವಲ ಖಾರದ ಪ್ರಮಾಣವನ್ನು ಸೂಚಿಸುವ ಹೆಸರೆಂದು ತಿಳಿಯಿತು. ಬೆಲೆಯೂ ಅವನ ಗುಣಾಕಾರವನ್ನು ಗೆಲ್ಲಲಿಲ್ಲ. ಲಂಡನ್ನಿನಲ್ಲಿ ಭಾರತೀಯ ಊಟದ ಮನೆಯನ್ನು ಮೊದಲು ತೆರೆದ ಸೇಕ್ ದೀನ್ ಮಹಮ್ಮದನು 1810ರಲ್ಲಿ ಆರಂಭಿಸಿದ ಹಿಂದೂಸ್ತಾನೀ ಕಾಫಿ ಹೌಸು ಕೂಡ ಸಿರಿವಂತರನ್ನು ನೆಚ್ಚಿದ್ದೇ ಆಗಿತ್ತು. ಎರಡೇ ವರ್ಷಗಳಲ್ಲಿ ಅವನು ದಿವಾಳಿಯಾದ. ಸಾಮಾನ್ಯನ ಜೇಬಿಗೆ ಒಗ್ಗುವ ಊಟವನ್ನು ಪರನೆಲದಲ್ಲಿ ನಿಲ್ಲಿಸುವುದು ಮೊದಲಿನಿಂದಲೂ ಕಷ್ಟದ ಕೆಲಸವೇ.

ನವೆಂಬರಿನ ಒಂದು ಮಳೆಯ ಸಂಜೆ ಅವನು ಆಲ್ಡ್‌ವಿಚ್‌ನ ಇಂಡಿಯಾ ಹೌಸಿಗೆ ಹೋದ. ಹರ್ಬರ್ಟ್ ಬೇಕರನ ವಿನ್ಯಾಸದಂತೆ ಕಟ್ಟಿದ, 1930ರಲ್ಲಿ ಉದ್ಘಾಟನೆಗೊಂಡ ಆ ಕಟ್ಟಡದಲ್ಲಿ ಊರಿನ ಪತ್ರಿಕೆಗಳು ಕೆಲವು ದಿನ ಹಳತಾಗಿಯಾದರೂ ಓದಲು ಸಿಗುತ್ತಿದ್ದವು. ಪತ್ರಿಕೆ ಮಡಿಸಿಟ್ಟು ಏಳುವಾಗ ಅವನ ಮುಖದಲ್ಲಿ ಏನನ್ನು ಕಂಡರೋ, ಅಲ್ಲಿನ ಹಿರಿಯರೊಬ್ಬರು, “ಊಟವಾಯಿತೆ?” ಎಂದು ವಿಚಾರಿಸಿದರು. ಅವನು ಉತ್ತರಿಸುವ ಮೊದಲೇ, ಸ್ಟ್ರ್ಯಾಂಡ್ ರಸ್ತೆಯಲ್ಲಿ ಇಂಥ ಸಂಖ್ಯೆಯ ಬಾಗಿಲು, ಅಂಗಡಿಗಳ ನಡುವೆ ಕಣ್ಣಿಗೆ ಬೀಳದಷ್ಟು ಕಿರಿದು, ಮೆಟ್ಟಿಲು ಹತ್ತಿ ಹೋಗು, ಮೊದಲನೆಯ ಮಾಳಿಗೆಯಲ್ಲಿ ನಿಲ್ಲಬೇಡ, ಅದು ಪಾನಗೃಹ, ಎರಡನೆಯದಕ್ಕೆ ಹೋಗು ಎಂದು ಮಾರ್ಗ ಹೇಳಿಕೊಟ್ಟರು.

ಅದು ಇಂಡಿಯಾ ಕ್ಲಬ್ಬು. ಸ್ವಾತಂತ್ರ್ಯ ಚಳವಳಿಗಾಗಿ ಬ್ರಿಟನ್ನಿನಲ್ಲಿ ದುಡಿದ ಇಂಡಿಯಾ ಲೀಗಿನ ಸದಸ್ಯರು 1951ರಲ್ಲಿ ಸ್ಥಾಪಿಸಿದ ಸಂಸ್ಥೆ. ಸ್ಥಾಪಕರಲ್ಲಿ ಪ್ರಮುಖರು ಸ್ವತಂತ್ರ ಭಾರತದ ಮೊದಲ ಹೈಕಮಿಷನರಾಗಿದ್ದ ವಿ. ಕೆ. ಕೃಷ್ಣ ಮೆನನ್ನರು. ಕಲ್ಲಿಕೋಟೆಯಿಂದ ಬಂದು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸಿನಲ್ಲಿ ಹೆರಾಲ್ಡ್ ಲಾಸ್ಕಿಯವರ ಶಿಷ್ಯರಾಗಿ ಓದಿದ ಮೆನನ್ನರು, ಚಹಾ ಕುಡಿದೇ ದಿನ ದೂಡಿದವರೆಂದು ಹೆಸರಾದವರು. ಹಸಿದ ವಿದ್ಯಾರ್ಥಿಯ ಕಷ್ಟ ಬಲ್ಲವರ ಕೈ ಅದರ ಹಿಂದಿತ್ತೆಂಬುದು ಆ ಸ್ಥಳದ ಗುಣಕ್ಕೆ ಒಪ್ಪುವಂಥ ಸಂಗತಿ.

ಕಡಿದಾದ, ಇಕ್ಕಟ್ಟಾದ ಮೆಟ್ಟಿಲುಗಳನ್ನು ಏರಿದಾಗ ಒಗ್ಗರಣೆಯ ವಾಸನೆ ಅವನನ್ನು ಅರ್ಧದಲ್ಲಿಯೇ ತಡೆದು ನಿಲ್ಲಿಸಿತು. ಎರಡನೆಯ ಮಾಳಿಗೆಯ ಕೋಣೆಯಲ್ಲಿ ಅಲಂಕಾರವೆನ್ನುವಂಥದ್ದು ಏನೂ ಇರಲಿಲ್ಲ. ಫಾರ್ಮೈಕಾ ಹೊದಿಸಿದ ಮೇಜುಗಳು, ನೇರ ಬೆನ್ನಿನ ಕುರ್ಚಿಗಳು, ಹೊಗೆಬಣ್ಣಕ್ಕೆ ತಿರುಗಿದ ಗೋಡೆಗಳ ಮೇಲೆ ಗಾಂಧೀಜಿ ಮೊದಲಾದವರ ಚಿತ್ರಗಳು. ಲಾಲ್‌ಬಾಗಿನ ಹೊಟೇಲನ್ನು ಯಾರೋ ಎತ್ತಿ ತಂದು ಇಲ್ಲಿ ಇಳಿಸಿದ್ದಾರೆನಿಸಿತು. ಬಿಳಿಯ ಕೋಟು ತೊಟ್ಟ ವಯಸ್ಸಾದ ಮಾಣಿಯೊಬ್ಬರು ಪಟ್ಟಿ ತಂದಿಟ್ಟರು. ಅವನು ಅಭ್ಯಾಸದಂತೆ ಬಲಗಡೆಯ ಅಂಕಿಗಳನ್ನೇ ಮೊದಲು ಓದಿದ. ಎರಡು ಸಲ ಓದಿದ. ಆಮೇಲೆ ಮಸಾಲೆ ದೋಸೆ ಎಂದ.

ದೋಸೆ ಬಂತು. ಉಡುಪಿಯ ಪಾಕದವರು ಅದರಲ್ಲಿ ನಾಲ್ಕು ದೋಷ ಎಣಿಸಬಹುದಾಗಿತ್ತು. ಸಾಂಬಾರಿನ ಬೇಳೆ ತುಸು ಗಟ್ಟಿ, ಚಟ್ನಿಯ ಕಾಯಿ ತುಸು ಹಳತು. ಅವನು ಎಣಿಸಲಿಲ್ಲ. ಒಂದೂವರೆ ತಿಂಗಳ ಮೇಲೆ ಕೈಬೆರಳುಗಳಿಂದ ಉಣ್ಣುತ್ತಿದ್ದ. ಹದಿನೈದರ ಮಗ್ಗಿ ಆ ಹೊತ್ತಿಗೆ ನೆನಪಾಗಲಿಲ್ಲ.

ಅಂದಿನಿಂದ ವಾರಕ್ಕೊಂದು ಸಲ, ಹಣವಿದ್ದರೆ ಎರಡು ಸಲ, ಅವನು ಆ ಮೆಟ್ಟಿಲು ಹತ್ತಿದ. ವಿದ್ಯಾಲಯದಿಂದ ಅಲ್ಲಿಗೆ ಕೆಲವೇ ನಿಮಿಷಗಳ ಹಾದಿ. ಅರ್ಥಶಾಸ್ತ್ರದ ವಿದ್ಯಾರ್ಥಿಯಾದ್ದರಿಂದ, ನಗರದ ಹೃದಯಭಾಗದಲ್ಲಿ ಇಷ್ಟು ಅಗ್ಗವಾಗಿ ಊಟ ಕೊಡುವುದು ಹೇಗೆ ಸಾಧ್ಯ ಎಂಬ ಪ್ರಶ್ನೆಯೂ ಅವನನ್ನು ಕಾಡತೊಡಗಿತು. ಬೀದಿಗೆ ಮುಖವಿಲ್ಲದ ಮಹಡಿ. ಆದ್ದರಿಂದ ಅಂಗಡಿಯ ಬಾಡಿಗೆ ಬೇಡ. ಅಲಂಕಾರವಿಲ್ಲ, ಜಾಹೀರಾತಿಲ್ಲ, ಹೇಳಿ ಕಳಿಸುವವರ ಬಾಯಿಯೇ ಜಾಹೀರಾತು. ವರ್ಷವರ್ಷಕ್ಕೆ ಬದಲಾಗದ ಪಟ್ಟಿ. ಆದ್ದರಿಂದ ಹಾಳಾಗುವ ಸಾಮಗ್ರಿ ಕಡಿಮೆ. ಇಷ್ಟನ್ನು ಕೂಡಿಸಿದರೂ ಲೆಕ್ಕದಲ್ಲಿ ಒಂದಿಷ್ಟು ಉಳಿಯುತ್ತಿತ್ತು. ಆ ಉಳಿಕೆ ಎಲ್ಲಿಂದ ಬರುತ್ತದೆಂಬುದು ಅವನಿಗೆ ತಿಳಿಯದ್ದೇನಲ್ಲ. ಲಾಲ್‌ಬಾಗಿನ ಹೊಟೇಲಿನಲ್ಲಿ ಎರಡು ಇಡ್ಲಿಯ ಬೆಲೆ ಗಿರಣಿ ಕಾರ್ಮಿಕನ ಕೈಗೆ ಎಟುಕುವಂತಿದ್ದುದಕ್ಕೆ ಕಾರಣ, ಬೆಳಗಿನ ನಾಲ್ಕಕ್ಕೆ ಎದ್ದು ರಾತ್ರಿ ಅದೇ ಮೇಜುಗಳ ಮೇಲೆ ಮಲಗುತ್ತಿದ್ದ ಹುಡುಗರು. ಊಟವನ್ನೂ ಮಲಗುವ ಜಾಗವನ್ನೂ ಸಂಬಳದ ಲೆಕ್ಕದಲ್ಲಿ ಹಿಡಿಯಲಾಗುತ್ತಿತ್ತು. ಅಗ್ಗವೆಂಬುದು ಆಕಾಶದಿಂದ ಉದುರುವುದಿಲ್ಲ; ಒಬ್ಬನ ತಟ್ಟೆಯ ಬೆಲೆ ಇಳಿದಿದೆಯೆಂದರೆ ಇಳಿದಷ್ಟನ್ನು ಇನ್ನೊಬ್ಬ ಎಲ್ಲಿಯೋ ಹೊತ್ತಿರುತ್ತಾನೆ.

ಹೊರುವುದರಲ್ಲಿ ಔದಾರ್ಯದ ಪಾಲೂ ಇತ್ತೆಂಬುದನ್ನು ಮರೆಯುವಂತಿಲ್ಲ. 1982ರ ಜನವರಿ 18ರಂದು ಡಾ. ದತ್ತಾ ಸಾಮಂತರ ನೇತೃತ್ವದಲ್ಲಿ ಮುಂಬಯಿಯ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದಾಗ ಆ ಹೊಟೇಲಿನ ಉದ್ರಿ ಪುಸ್ತಕ ದಪ್ಪವಾಯಿತು. ತಿಂಗಳುಗಳು ಕಳೆದರೂ ಗಿರಣಿಯ ಭೋಂಗಾ ಕೂಗಲಿಲ್ಲ. ಕೊಡಬೇಕಾದವರಲ್ಲಿ ಅನೇಕರು ಊರಿಗೆ ಹೋದರು, ಮರಳಲಿಲ್ಲ. ಅವನ ತಂದೆ ಧನಿಗೆ ತಿಳಿಯದಂತೆ ಕೆಲವರ ಚಹಾದ ಹಣವನ್ನು ತಮ್ಮ ಲೆಕ್ಕದಲ್ಲಿ ಬರೆಸಿದ್ದರೆಂಬುದು ಮನೆಯಲ್ಲಿ ತಾಯಿಯ ಮುನಿಸಿನಿಂದ ಹೊರಬಿದ್ದ ಸಂಗತಿ. ಲಂಡನ್ನಿನಲ್ಲಿಯೂ ಅದು ಮುಷ್ಕರದ ಚಳಿಗಾಲವೇ ಆಗಿತ್ತು. 1984ರ ಮಾರ್ಚಿನಲ್ಲಿ ಆರಂಭವಾದ ಕಲ್ಲಿದ್ದಲು ಗಣಿ ಕಾರ್ಮಿಕರ ಹೋರಾಟಕ್ಕಾಗಿ ರೈಲು ನಿಲ್ದಾಣಗಳ ಬಾಗಿಲಲ್ಲಿ ಜನ ಬಕೀಟು ಹಿಡಿದು ನಾಣ್ಯ ಕೂಡಿಸುತ್ತಿದ್ದರು. ಆ ಬಕೀಟಿನ ಸದ್ದು ಕೇಳಿದಾಗಲೆಲ್ಲ ಅವನಿಗೆ ಉದ್ರಿ ಪುಸ್ತಕ ನೆನಪಾಗುತ್ತಿತ್ತು.

ಇಷ್ಟೆಲ್ಲ ಬಲ್ಲವನು ಒಂದು ಸಂಜೆ ಸುಳ್ಳು ಹೇಳಿದ.

ಬಿಳಿಯ ಕೋಟಿನ ಮಾಣಿ ಮಲಬಾರಿನ ಕಡೆಯವರು. ಹೆಚ್ಚು ಮಾತಿನವರಲ್ಲ. ಎಡಗೈಯ ಮೊಣಕೈವರೆಗೆ ತಟ್ಟೆಗಳನ್ನು ಹೊಂದಿಸಿಕೊಂಡು, ಹೆಬ್ಬೆರಳು ತಟ್ಟೆಯ ಒಳಗೆ ತಾಗದಂತೆ ಹೊರಕ್ಕೆ ಚಾಚಿ ಹಿಡಿಯುವ ಅವರ ರೀತಿ ಅವನ ತಂದೆಯದೇ ಆಗಿತ್ತು. ಅದನ್ನು ನೋಡಲೆಂದೇ ಅವನು ಒಮ್ಮೊಮ್ಮೆ ಬಾಗಿಲಿಗೆ ಎದುರಾಗಿ ಕೂರುತ್ತಿದ್ದ. ಅಂದು ಜನ ಕಡಿಮೆಯಿದ್ದರು. ಮಾಣಿ ಮೇಜಿನ ಬಳಿ ನಿಂತು ಮುರುಕು ಹಿಂದಿಯಲ್ಲಿ, ಊರು ಯಾವುದು, ತಂದೆಗೇನು ಕೆಲಸ ಎಂದು ಕೇಳಿದರು. ಪಕ್ಕದ ಮೇಜಿನಲ್ಲಿ ಅವನ ತರಗತಿಯ ಇಬ್ಬರು ಕುಳಿತಿದ್ದರು. ಅವರಲ್ಲೊಬ್ಬಳು ದೆಹಲಿಯ ಅಧಿಕಾರಿಯ ಮಗಳು. “ಮುಂಬಯಿಯಲ್ಲಿ ನಮ್ಮದು ಹೊಟೇಲಿದೆ” ಎಂದ ಅವನು.

ಮಾಣಿಯ ಮುಖ ಒಂದು ಕ್ಷಣ ಹಿಗ್ಗಿತು. ಆಮೇಲೆ, ಕಾಣದಷ್ಟು ಕೊಂಚ, ಹಿಂದಕ್ಕೆ ಸರಿಯಿತು. ಅವರು ಮೇಜನ್ನು ಇನ್ನೊಮ್ಮೆ ಒರೆಸಿದರು. ನೀರಿನ ಲೋಟವನ್ನು ಬದಲಿಸಿದರು. ಅಂದಿನಿಂದ ಅವನಿಗೆ ಸಲ್ಲತೊಡಗಿದ್ದು ಧನಿಯ ಮಗನಿಗೆ ಸಲ್ಲುವ ಮರ್ಯಾದೆ. ಅವನು ಕುರ್ಚಿ ಎಳೆದುಕೊಳ್ಳುವ ಮೊದಲೇ ಅವರು ಎಳೆದು ಕೊಡುತ್ತಿದ್ದರು. ಲಾಲ್‌ಬಾಗಿನಲ್ಲಿ ಧನಿಯ ಮಗ ಬಂದಾಗ ತನ್ನ ತಂದೆ ಹೀಗೆಯೇ ಕುರ್ಚಿ ಒರೆಸುತ್ತಿದ್ದುದನ್ನು ಅವನು ಶಾಲೆಯ ರಜೆಗಳಲ್ಲಿ ಅಡಿಗೆಮನೆಯ ಬಾಗಿಲಿನಿಂದ ನೋಡಿದ್ದ, ನೋಡಿ ಸಿಟ್ಟಾಗಿದ್ದ. ಈಗ ಒರೆಸಿದ ಕುರ್ಚಿಯ ಮೇಲೆ ತಾನೇ ಕುಳಿತಿದ್ದ. ದೋಸೆ ಅದೇ ದೋಸೆ, ಬೆಲೆ ಅದೇ ಬೆಲೆ. ಆದರೂ ಆ ಊಟ ಮೊದಲಿನಷ್ಟು ಅಗ್ಗವಾಗಿ ಉಳಿಯಲಿಲ್ಲ.

ತಂದೆಯ ಪತ್ರಗಳು ತಿಂಗಳಿಗೊಮ್ಮೆ ಬರುತ್ತಿದ್ದವು. ರಾತ್ರಿಶಾಲೆಯ ದುಂಡನೆಯ ಅಕ್ಷರ. ಪ್ರತಿ ಪತ್ರದ ಕೊನೆಗೂ ಊಟ ಸರಿಯಾಗಿದೆಯೇ ಎಂಬ ಒಂದೇ ಪ್ರಶ್ನೆ. ಸುಳ್ಳಿನ ಸಂಗತಿಯನ್ನು ಬಿಟ್ಟು ಉಳಿದುದೆಲ್ಲವನ್ನೂ ಅವನು ಬರೆದ: ಎರಡನೆಯ ಮಾಳಿಗೆ, ಗಾಂಧೀಜಿಯ ಚಿತ್ರ, ಸಾಂಬಾರು, ತಟ್ಟೆ ಹಿಡಿಯುವ ಕೈ. ಮುಂದಿನ ಪತ್ರದಲ್ಲಿ ತಂದೆ ಸಾಂಬಾರಿನ ಬಗೆಗೆ ಏನನ್ನೂ ಕೇಳಿರಲಿಲ್ಲ. “ಆ ಮಾಣಿ ಅಲ್ಲಿಗೆ ಬಂದು ಎಷ್ಟು ವರ್ಷವಾಯಿತು? ಮನೆಯವರು ಜೊತೆಗಿದ್ದಾರೆಯೆ? ಅವರ ಹೆಸರೇನು?” ಎಂದು ಬರೆದಿದ್ದರು.

ಅವನು ಹೆಸರು ಕೇಳಿರಲಿಲ್ಲ. ಏಳು ತಿಂಗಳ ಕಾಲ ಒಬ್ಬರ ಕೈಯಿಂದ ಉಂಡು ಅವರ ಹೆಸರನ್ನು ಕೇಳದಿರುವುದು ಹೊಟೇಲಿನ ಗಿರಾಕಿಗಳಿಗೆ ಸಹಜ. ಮಾಣಿಯ ಮಗನಿಗೆ ಸಹಜವಲ್ಲ. ತಂದೆಯ ಇಡೀ ಆಯುಷ್ಯದಲ್ಲಿ ಅವರನ್ನು ಹೆಸರು ಹಿಡಿದು ಕರೆದ ಗಿರಾಕಿಗಳು ಎಷ್ಟು ಮಂದಿ ಇದ್ದಿರಬಹುದೆಂದು ಆ ರಾತ್ರಿ ಅವನು ಎಣಿಸಲು ಯತ್ನಿಸಿದ. ಚಹಾದ ಹಣ ತಮ್ಮ ಲೆಕ್ಕಕ್ಕೆ ಬರೆಸಿದ್ದು ಯಾರಿಗಾಗಿಯೋ, ಅವರಲ್ಲಿಯೂ ಹೆಚ್ಚಿನವರು ‘ಏ ಮಾಣಿ’ ಎಂದೇ ಕರೆದಿದ್ದರು.

ನಿಜ ಹೇಳಿಬಿಡಬೇಕೆಂದು ಅವನು ಎಷ್ಟೋ ಸಲ ನಿಶ್ಚಯಿಸಿದ. ಮೆಟ್ಟಿಲು ಹತ್ತುವಾಗ ಗಟ್ಟಿಯಾಗಿರುತ್ತಿದ್ದ ಮಾತು ಕುರ್ಚಿ ಎಳೆದುಕೊಟ್ಟೊಡನೆ ಕರಗುತ್ತಿತ್ತು. ಪರೀಕ್ಷೆ ಮುಗಿದು, ಪ್ರಬಂಧವನ್ನೂ ಒಪ್ಪಿಸಿ, 1985ರ ಸೆಪ್ಟೆಂಬರಿನಲ್ಲಿ ಊರಿಗೆ ಹೊರಡುವ ಮುನ್ನಾದಿನ ಹೇಳಿಯೇ ತೀರುವೆನೆಂದು ಹೋದ. ಅಂದು ಅವರು ರಜೆಯಲ್ಲಿದ್ದರು. ಬೇರೊಬ್ಬ ಮಾಣಿಯನ್ನು ಕೇಳಿ ಅವರ ಹೆಸರನ್ನು ತಿಳಿದುಕೊಂಡ. ಬಿಲ್ಲಿನ ಹಿಂಬದಿಯಲ್ಲಿ ಬರೆದುಕೊಂಡ. ಮುಂಬಯಿಗೆ ಮರಳಿದ ಮೇಲೆ ತಂದೆಗೆ ಅವನು ಮೊದಲು ಹೇಳಿದ ಸಂಗತಿಗಳಲ್ಲಿ ಆ ಹೆಸರೂ ಒಂದು. ತಂದೆ ಅದನ್ನು ತಮ್ಮಷ್ಟಕ್ಕೆ ಒಮ್ಮೆ ಉಚ್ಚರಿಸಿ ತಲೆದೂಗಿದರು. ಸುಳ್ಳನ್ನು ಅವರಿಗೂ ಹೇಳಲಾಗಲಿಲ್ಲ.

ಅನಂತರದ ವರ್ಷಗಳು ಎಲ್ಲರ ವರ್ಷಗಳಂತೆ ಕಳೆದವು. ಅವನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿದ. 1996ರಲ್ಲಿ ತಂದೆ ತೀರಿಕೊಂಡರು. ಮುಷ್ಕರದಿಂದ ಚೇತರಿಸಿಕೊಳ್ಳದ ಗಿರಣಿಗಳು ಒಂದೊಂದಾಗಿ ಮುಚ್ಚಿ, ಅವುಗಳ ನೆಲದಲ್ಲಿ ಗಾಜಿನ ಗೋಪುರಗಳೂ ವ್ಯಾಪಾರ ಮಳಿಗೆಗಳೂ ಎದ್ದವು. ಉದ್ರಿ ಪುಸ್ತಕದ ಹೊಟೇಲೂ ಉಳಿಯಲಿಲ್ಲ; ಕಾರ್ಮಿಕನಿಲ್ಲದ ಕಡೆ ಕಾರ್ಮಿಕನ ಊಟಕ್ಕೆ ಏನು ಕೆಲಸ? ಸ್ಟ್ರ್ಯಾಂಡಿನ ಎರಡನೆಯ ಮಾಳಿಗೆ ಮಾತ್ರ ಬಹುಕಾಲ ತಡೆದು ನಿಂತಿತು. 1990ರ ದಶಕದ ಕೊನೆಯಲ್ಲಿ ಅದರ ಹೊಣೆ ಹೊತ್ತ ಕುಟುಂಬವು ಮೇಜನ್ನೂ ಗೋಡೆಯ ಚಿತ್ರಗಳನ್ನೂ ಹಾಗೆಯೇ ಉಳಿಸಿಕೊಂಡು ನಡೆಸಿತು. ಕಟ್ಟಡದ ಒಡೆಯರು ಅದನ್ನು ನವೀಕರಿಸಲು ಮುಂದಾದಾಗ ಇಪ್ಪತ್ತಾರು ಸಾವಿರಕ್ಕೂ ಹೆಚ್ಚು ಜನ ಮನವಿಗೆ ಸಹಿ ಹಾಕಿದರು. 2018ರಲ್ಲಿ ವೆಸ್ಟ್‌ಮಿನ್‌ಸ್ಟರ್ ನಗರಸಭೆ ಆ ಯೋಜನೆಯನ್ನು ತಿರಸ್ಕರಿಸಿತು. ಸಹಿ ಮಾಡಿದವರಲ್ಲಿ ಅವನೂ ಒಬ್ಬ. ಸಹಿಗಳು ಐದು ವರ್ಷವನ್ನು ಗಳಿಸಿಕೊಟ್ಟವು. ಕೊನೆಗೆ 2023ರ ಸೆಪ್ಟೆಂಬರ್ 17ರಂದು ಇಂಡಿಯಾ ಕ್ಲಬ್ಬು ಬಾಗಿಲು ಮುಚ್ಚಿತು.

ಅದಕ್ಕೆ ಕೆಲವು ದಿನ ಮೊದಲು ಅವನು ಅಲ್ಲಿದ್ದ. ಲಂಡನ್ನಿನಲ್ಲಿ ಕೆಲಸದಲ್ಲಿರುವ ಮಗಳ ಮನೆಗೆ ಬಂದಿದ್ದವನು, ಸುದ್ದಿ ತಿಳಿದು ಒಬ್ಬನೇ ಹೋದ. ಕೊನೆಯ ಊಟಕ್ಕೆಂದು ಬಂದವರ ಸಾಲು ಮೆಟ್ಟಿಲಿನ ಉದ್ದಕ್ಕೂ ಹಬ್ಬಿತ್ತು. ಹೆಚ್ಚಿನವರ ಕೈಯಲ್ಲಿ ಚಿತ್ರ ತೆಗೆಯುವ ಫೋನು. ಅರುವತ್ತೆರಡರ ಮಂಡಿಗಳಿಗೆ ಆ ಮೆಟ್ಟಿಲು ಹಿಂದಿಗಿಂತ ಕಡಿದಾಗಿ ಕಂಡಿತು. ಒಗ್ಗರಣೆಯ ವಾಸನೆ ಹಿಂದಿನ ಜಾಗದಲ್ಲಿಯೇ ಎದುರಾಯಿತು.

ದೋಸೆ ತಂದವನು ತರುಣ. ಹಣೆಯ ಮೇಲೆ ಬೆವರು, ಎರಡು ಕೈಯಲ್ಲಿಯೂ ತಟ್ಟೆ. “ಮೊದಲ ಸಲವೇ?” ಎಂದು ಕೇಳಿದ.

“ಅಲ್ಲ, 1984ರಲ್ಲಿ ಬರುತ್ತಿದ್ದೆ” ಎಂದ ಅವನು. ಅಷ್ಟಕ್ಕೆ ನಿಲ್ಲಿಸಬಹುದಾಗಿತ್ತು. “ನನ್ನ ತಂದೆ ಮುಂಬಯಿಯ ಲಾಲ್‌ಬಾಗಿನಲ್ಲಿ ಮಾಣಿಯಾಗಿದ್ದರು” ಎಂದು ಸೇರಿಸಿದ. ಮೂವತ್ತೆಂಟು ವರ್ಷ ಹೊತ್ತ ಮಾತು ಅಷ್ಟು ಪುಟ್ಟದೆಂದು ಅವನಿಗೇ ತಿಳಿದಿರಲಿಲ್ಲ.

“ಹೌದೇ?” ಎಂದ ಹುಡುಗ. ಬಾಗಿಲಲ್ಲಿ ಕಾಯುವವರ ಕಡೆಗೊಮ್ಮೆ ನೋಡಿದ. “ಸಾಂಬಾರು ಇನ್ನಷ್ಟು ತರಲೆ?”

ತರಹೇಳಿದ. ತಡೆದು, ಹೆಸರು ಕೇಳಿದ. ಹುಡುಗ ಹೋಗುತ್ತ ಹೋಗುತ್ತಲೇ ಹೇಳಿದ. ಗದ್ದಲದಲ್ಲಿ ಅದು ಅರ್ಧವೇ ಕೇಳಿಸಿತು.

ಉಂಡಾದ ಮೇಲೆ ಅವನು ತಟ್ಟೆಯ ಮೇಲೆ ಬಟ್ಟಲು, ಬಟ್ಟಲಿನೊಳಗೆ ಚಮಚ, ಪಕ್ಕಕ್ಕೆ ಲೋಟ, ಹೀಗೆ ಒಂದೇ ಕೈಗೆ ಸಿಗುವಂತೆ ಎಲ್ಲವನ್ನೂ ಮೇಜಿನ ಅಂಚಿಗೆ ಹೊಂದಿಸಿಟ್ಟ. ಶಾಲೆಯ ರಜೆಗಳಲ್ಲಿ ತಂದೆ ಕಲಿಸಿದ್ದ ಕೆಲಸವದು. ಹುಡುಗ ಬಂದು, ಎಡಗೈಯಲ್ಲಿ ಅದನ್ನು ಅನಾಯಾಸವಾಗಿ ಎತ್ತಿಕೊಂಡು, ಬಲಗೈಯಿಂದ ಮೇಜು ಒರೆಸಿ, ಸಾಲಿನಲ್ಲಿ ಮುಂದೆ ನಿಂತವರನ್ನು ಕರೆದ.